ಗೋಕಟ್ಟೆಯ ಪಕ್ಕದ ಡೇರೆ ಜಾಗ

ಕಾಡಂಚಿನ ಒಂದು ಅತಿಥಿಗೃಹಕ್ಕೆ ಮೇಟಿಯಾಗಿ, ಎಂದರೆ ಕೋಣೆ ಗುಡಿಸಿ ಕಾಯುವ ಆಳಾಗಿ ಸೇರಿ, ಮೇಲ್ವಿಚಾರಕ ಎಂಬ ಹೆಸರಿನಲ್ಲಿ ನಿವೃತ್ತನಾದವನು ನಾನು. ನಡುವೆ ಸಿಕ್ಕ ಬಡ್ತಿಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಪ್ರತಿ ಬಡ್ತಿಗೂ ಸೊಂಟದ ಬೀಗದಕೈ ಗೊಂಚಲು ಸ್ವಲ್ಪ ಭಾರವಾಯಿತು, ಅಷ್ಟೆ. ಈಗ ಅದೇ ಕೆಲಸಕ್ಕೆ ಹೊಸಬರು ಬಂದಿದ್ದಾರೆ. ತರಬೇತಿ ಪಡೆದವರು, ಅತಿಥಿಯನ್ನು ಕಂಡ ಕೂಡಲೇ ಎಷ್ಟು ಹಲ್ಲು ಕಾಣುವಂತೆ ನಗಬೇಕೆಂದು ಅವರಿಗೆ ಹೇಳಿಕೊಟ್ಟಿದ್ದಾರೆ. ನಮಗೆ ಯಾರೂ ಹೇಳಿಕೊಡದ ಕಾರಣ ನಾವು ನಗು ಬಂದಾಗ ಮಾತ್ರ ನಕ್ಕೆವು. ಅವರಲ್ಲಿ ಇಬ್ಬರು ಹೋದ ತಿಂಗಳು ಹೊಸದುರ್ಗದ ನಮ್ಮ ಮನೆಗೆ ಬಂದು, ಈ ಕೆಲಸದಲ್ಲಿ ತಿಳಿದಿರಬೇಕಾದ್ದನ್ನು ಬರೆದುಕೊಡಿ ಎಂದು ಕೇಳಿದರು. ನನಗೆ ತಿಳಿದದ್ದು ಹೆಚ್ಚಿನದೆಲ್ಲ ತಪ್ಪು ಮಾಡಿದ ಮೇಲೆ ತಿಳಿದದ್ದು. ಹಾಗಾಗಿ ತಪ್ಪುಗಳನ್ನೇ ಬರೆಯುತ್ತಿದ್ದೇನೆ.

ಕಾಡಿನ ಹೆಸರು ಬರೆಯುವುದಿಲ್ಲ. ಬರೆದರೆ ಬರುವ ಭಾನುವಾರ ಹತ್ತು ಕಾರು ಹೆಚ್ಚು ಬರುತ್ತವೆ, ಹೊಸಬರಿಗೆ ತೊಂದರೆ. ಹಿರಿಯೂರಿಗೂ ಹೊಳಲ್ಕೆರೆಗೂ ನಡುವೆ, ಗುಡ್ಡದ ಮೇಲಿನ ಗಾಳಿಯಂತ್ರಗಳ ಸಾಲು ಮುಗಿದಲ್ಲಿಂದ ಶುರುವಾಗುವ ಕುರುಚಲು ಕಾಡು ಎಂದರೆ ಸಾಕು. ಅಲ್ಲಿ ಉಳಿದುಕೊಳ್ಳಲು ಅತಿಥಿಗೃಹದ ಎರಡು ಕೋಣೆಗಳಿವೆ, ಡೇರೆಗಳಿವೆ, ಈಚೆಗೆ ತೋಟದವರು ತೆರೆದ ಹೋಂಸ್ಟೇಗಳಿವೆ. ಇವಿಷ್ಟೂ ಪಟ್ಟಿಯಲ್ಲಿ ಸಿಗುತ್ತವೆ. ಪಟ್ಟಿಯಲ್ಲಿ ಇಲ್ಲದೆ ಇದ್ದ ಇನ್ನೊಂದು ಜಾಗವಿತ್ತು. ಕಾಡಿನ ಗಡಿಕಲ್ಲು ದಾಟಿದರೆ ಗೋಮಾಳ. ಅದರಲ್ಲಿ ದನಕುರಿ ನೀರು ಕುಡಿಯಲೆಂದು ಹಿಂದಿನವರು ಕಟ್ಟಿದ ಗೋಕಟ್ಟೆ. ಆ ಗೋಕಟ್ಟೆಯ ಪಕ್ಕದ ಬಯಲಿನಲ್ಲಿ ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಚಿತ್ತಣ್ಣನ ಕುರಿಮಂದೆ ಇಳಿಯುತ್ತಿತ್ತು. ಶಿವರಾತ್ರಿಯ ಹೊತ್ತಿಗೆ ನೀರು ತಳ ಕಾಣುವವರೆಗೂ ಅಲ್ಲೇ ಇದ್ದು, ಕುರಿಗಳು ಮರಿ ಹಾಕಿ, ಮರಿಗಳ ಕಾಲು ಗಟ್ಟಿಯಾದ ಮೇಲೆ ಹೊಳಲ್ಕೆರೆ ದಾಟಿ ನೀರಾವರಿ ಸೀಮೆಯ ಕಡೆ ಹೋಗುತ್ತಿತ್ತು. ಗೋಕಟ್ಟೆ ಬಿಟ್ಟರೆ ಮುಂದಿನ ನೀರು ಒಂದು ದಿನದ ದಾರಿ. ಎಳೆಮರಿ ಅಷ್ಟು ದೂರ ನಡೆಯುವುದಿಲ್ಲ. ಆ ಜಾಗ ಚಿತ್ತಣ್ಣನ ಕೈತಪ್ಪುವ ಹಾಗೆ ಮಾಡಿದವನು ನಾನು. ಅವನಿಗೆ ಒಳ್ಳೆಯದು ಮಾಡುತ್ತೇನೆಂದುಕೊಂಡು ಮಾಡಿದೆ. ಅದಕ್ಕೆ ಬರುವ ಮೊದಲು ಹೇಳಬೇಕಾದ್ದು ಸ್ವಲ್ಪ ಇದೆ.

ನಾನು ಸೇರಿದಾಗ ಕೋಣೆ ಕಾಯ್ದಿರಿಸುವುದು ಅಂಚೆಯಲ್ಲಿ. ಇಂಥವರು ಇಂಥ ದಿನ ಬರುತ್ತಾರೆ, ಕೋಣೆ ತೆಗೆದಿರಿಸತಕ್ಕದ್ದು ಎಂದು ಚಿತ್ರದುರ್ಗದ ಕಚೇರಿಯಿಂದ ಪತ್ರ ಬರುತ್ತಿತ್ತು. ಪತ್ರಕ್ಕಿಂತ ಅತಿಥಿಗಳೇ ಮೊದಲು ಬರುವುದು ವಾಡಿಕೆ. ಒಮ್ಮೆ ಅತಿಥಿಗಳು ಬಂದು, ಉಂಡು, ಹೋಗಿ, ಮೂರನೇ ದಿನಕ್ಕೆ ಪತ್ರ ಬಂತು. ಅದರಲ್ಲಿದ್ದ ಹೆಸರು ಅವರದೇ ಎಂಬುದು ಹೊಳೆಯದೆ ನಾನು ಕೋಣೆ ತೆಗೆದು, ಗುಡಿಸಿ, ಹಾಸಿಗೆ ಬದಲಿಸಿ ಕಾದೆ. ಸದರಿಯವರು ಇದುವರೆಗೂ ಆಗಮಿಸಿರುವುದಿಲ್ಲ ಎಂದು ವರದಿ ಬರೆದೆ. ಇಲಾಖೆಯ ದಾಖಲೆಯ ಪ್ರಕಾರ ಆ ಸಂಸಾರ ಇನ್ನೂ ದಾರಿಯಲ್ಲಿದೆ.

ಅತಿಥಿಗೃಹದ ನಿಜವಾದ ಮುಖ್ಯಸ್ಥರು ಅಡುಗೆಯ ತಿಪ್ಪಮ್ಮ. ತುರುವನೂರಿನವರು, ನನಗಿಂತ ಹತ್ತು ವರ್ಷ ದೊಡ್ಡವರು. ಬಂದವರು ಊಟಕ್ಕೆ ಏನೇನಿದೆ ಎಂದು ಕೇಳಿದರೆ ಆಕೆಗೆ ಅದು ಕುಹಕದಂತೆ ಕೇಳಿಸುತ್ತಿತ್ತು. "ಏನೇನ್ ಐತೆ ಅಂತ ಕೇಳ್ಬ್ಯಾಡ್ರಿ. ಇರಾದು ಕೊಡ್ತೀನಿ, ಉಣ್ರಿ" ಎನ್ನುತ್ತಿದ್ದರು. ಇರುವುದೆಂದರೆ ಮುದ್ದೆ, ಹುರುಳಿ ಸಾರು. ದೊಡ್ಡ ಊರುಗಳಿಂದ ಬಂದವರು ಮೊದಲು ಮುಖ ಸಿಂಡರಿಸಿ, ಆಮೇಲೆ ಎರಡನೇ ಮುದ್ದೆಗೆ ಕೈಚಾಚುತ್ತಿದ್ದರು.

ಆಗಿನ ನಮ್ಮ ಸಾಹೇಬರಿಗೆ ಒಂದು ಸಿದ್ಧಾಂತವಿತ್ತು. ಅತಿಥಿಯ ಮುಂದೆ 'ಇಲ್ಲ' ಎಂಬ ಪದ ಬಾಯಿಂದ ಬರಕೂಡದು. ಇದನ್ನು ಪಾಲಿಸುವುದು ಕಷ್ಟವಾಗುತ್ತಿದ್ದದ್ದು ಹುಲಿಯ ವಿಷಯದಲ್ಲಿ. ನಮ್ಮಲ್ಲಿ ಕರಡಿ ಇದೆ, ಚಿರತೆ ಇದೆ, ಕೊಂಡುಕುರಿ ಇದೆ, ಅಪರೂಪಕ್ಕೆ ತೋಳ ಇದೆ. ಬಂದವರು ಕೇಳುವುದು ಮಾತ್ರ ಹುಲಿ ಎಷ್ಟು ಗಂಟೆಗೆ ಬರುತ್ತದೆ ಎಂದು. ಹುಲಿಯ ವರ್ಗಾವಣೆ ಆದೇಶ ಇನ್ನೂ ಬರಬೇಕಾಗಿದೆ ಎಂದು ನಾನು ಹೇಳುತ್ತಿದ್ದೆ. ಬಹಳ ಜನ ಒಪ್ಪಿಕೊಂಡು ತಲೆಯಾಡಿಸುತ್ತಿದ್ದರು. ಒಬ್ಬರು ಮಾತ್ರ, ಯಾವ ಸಚಿವರನ್ನು ನೋಡಿದರೆ ಬೇಗ ಆಗುತ್ತದೆ ಎಂದು ಗುಟ್ಟಾಗಿ ಕೇಳಿದರು.

ಡೇರೆಗಳು ಬಂದದ್ದು ಇದೇ ಸಾಹೇಬರ ಕಾಲದಲ್ಲಿ. ದಪ್ಪ ಕ್ಯಾನ್ವಾಸಿನ ಆರು ಡೇರೆ. ಒಂದೊಂದನ್ನು ಹೊರಲು ನಾಲ್ಕು ಆಳು. ಎಲ್ಲಿ ಹೊಡೆಯಬೇಕೆಂಬುದನ್ನು ಸಾಹೇಬರೇ ವೈಜ್ಞಾನಿಕವಾಗಿ ತೀರ್ಮಾನಿಸಿದರು. ಒಂದು ಚೊಂಬಿಗೆ ಅಂಚಿನವರೆಗೆ ನೀರು ತುಂಬಿ ನೆಲದ ಮೇಲೆ ಇಡುವುದು; ಯಾವ ಕಡೆಗೂ ತುಳುಕದಿದ್ದರೆ ಅದು ಸಮತಟ್ಟಾದ ಜಾಗ. ನಾನು ಚೊಂಬು ಹಿಡಿದು ಅವರ ಹಿಂದೆ ಎರಡು ದಿನ ಅಲೆದೆ. ಕೊನೆಗೆ ಚೊಂಬಿನ ನೀರು ಕನ್ನಡಿಯಂತೆ ನಿಂತ ಒಂದು ಜಾಗ ಸಿಕ್ಕಿತು. ಮರಳುಮಿಶ್ರಿತ ಮೆದು ನೆಲ, ಒಂದು ಕಲ್ಲಿಲ್ಲ. ಡೇರೆ ಹೊಡೆದೆವು. ಸಾಹೇಬರು ತಮ್ಮ ಮಡಿಚುವ ಕುರ್ಚಿಯನ್ನು ನಡುವೆ ಇಡಿಸಿ ಕೂತು ಚಹಾ ಕುಡಿದರು. ಆ ಜಾಗ ಅಷ್ಟು ಸಮತಟ್ಟಾಗಿ ಏಕಿತ್ತು ಎಂಬುದು ಮುಂಗಾರಿಗೆ ಮುಂಚಿನ ಮೊದಲ ಮಳೆಗೆ ತಿಳಿಯಿತು. ಅದು ಹಳ್ಳದ ಪಾತ್ರ. ಪುಣ್ಯಕ್ಕೆ ಆ ದಿನ ಅತಿಥಿಗಳಿರಲಿಲ್ಲ. ಡೇರೆಗಳು ಕಾರೆ ಗಿಡಗಳಿಗೆ ಸಿಕ್ಕಿಕೊಂಡು ಉಳಿದವು. ಕುರ್ಚಿ ಹೋಯಿತು.

ಮರುದಿನ ಬೆಳಿಗ್ಗೆ ಹೆಗಲ ಮೇಲೆ ಕಂಬಳಿ, ತಲೆಯ ಮೇಲೆ ಸಾಹೇಬರ ಕುರ್ಚಿ ಇಟ್ಟುಕೊಂಡು, ನೀರಾವರಿ ಸೀಮೆಯಿಂದ ಮಂದೆ ಹೊಡೆದುಕೊಂಡು ಮರಳುತ್ತಿದ್ದ ಒಬ್ಬ ಕುರಿಗಾಹಿ ಬಂದ. ನನ್ನ ವಯಸ್ಸಿನವನೇ. ಅವನೇ ಚಿತ್ತಣ್ಣ. ಎರಡು ಫರ್ಲಾಂಗು ಕೆಳಗೆ ಸಿಕ್ಕಿತೆಂದು ಹೇಳಿ, ಕುರ್ಚಿಯನ್ನು ಜಗುಲಿಯ ಮೇಲಿಟ್ಟು, ಹಳ್ಳದಲ್ಲಿ ಡೇರೆ ಹೊಡೆಯಲು ಹೇಳಿದ ಮಹಾನುಭಾವರು ಯಾರೆಂದು ವಿಚಾರಿಸಿದ. ನಾನು ಸರ್ಕಾರದ ಗೌರವ ಉಳಿಸಲು, ನಾನೇ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಜಾಗ ನೋಡೋಕೆ ಚೊಂಬು ಯಾಕ್ರಿ? ಕುರಿ ಕೇಳ್ರಿ. ಅದು ಎಲ್ಲಿ ತಾನಾಗೇ ಮಲಗ್ತೈತೋ ಅದು ಜಾಗ."

ನನ್ನ ವೃತ್ತಿಯ ಮೊದಲ ಪಾಠ ಇದು, ಯಾವ ತರಬೇತಿಯಲ್ಲೂ ಸಿಗದದ್ದು. ಕುರಿ ಅಟ್ಟಿದ ಕಡೆ ಮೇಯುತ್ತದೆ, ಆದರೆ ಅಟ್ಟಿದ ಕಡೆ ಮಲಗುವುದಿಲ್ಲ. ಅದು ಮಲಗುವ ಜಾಗಕ್ಕೆ ಗುಡ್ಡದ ಗಾಳಿ ನೇರ ಬಡಿಯುವುದಿಲ್ಲ, ನೀರು ಹರಿದು ಬರುವುದಿಲ್ಲ, ಇರುವೆಗೂಡು ಇರುವುದಿಲ್ಲ. ಚಿತ್ತಣ್ಣ ಇದನ್ನು ಬಾಯಲ್ಲಿ ವಿವರಿಸಲಿಲ್ಲ. ಒಂದು ಮಧ್ಯಾಹ್ನ ಮಂದೆಯ ಹಿಂದೆ ನನ್ನನ್ನು ನಡೆಸಿಕೊಂಡು ಹೋಗಿ ತೋರಿಸಿದ.

ಅರ್ಧ ಪಾಠ ಕಲಿತವನು ಏನು ಮಾಡುತ್ತಾನೋ ಅದನ್ನೇ ನಾನು ಮಾಡಿದೆ. ನಮ್ಮ ಸೀಮೆಯಲ್ಲಿ ರೈತರು ಗೊಬ್ಬರಕ್ಕೆಂದು ಹೊಲದಲ್ಲಿ ಕುರಿಮಂದೆ ನಿಲ್ಲಿಸಿಕೊಳ್ಳುವುದುಂಟು. ಮಾಡದಕೆರೆಯ ಕಡೆಯಿಂದ ಬರುವ ದಾರಿಯಲ್ಲಿ ಹಾಗೆ ಮಂದೆ ನಿಂತು ಹೋಗಿ ವಾರವೂ ಆಗಿರದ ಒಂದು ಬೀಳು ಹೊಲವಿತ್ತು. ಕುರಿ ಮಲಗಿದ ಜಾಗ, ಇನ್ನೇನು ಬೇಕು? ಹೊಲದವನನ್ನು ಕೇಳಿ ಆರು ಡೇರೆ ಅಲ್ಲಿ ಹೊಡೆಸಿದೆ. ಆ ದಿನ ಬಂದದ್ದು ಹೊಳಲ್ಕೆರೆ ಕಡೆಯ ನಿವೃತ್ತ ಉಪಾಧ್ಯಾಯರ ತಂಡ, ಹದಿನೆಂಟು ಜನ. ಬೆಳಿಗ್ಗೆ ನಾನು ಚಹಾ ಹಿಡಿದು ಹೋದಾಗ ಹದಿನೆಂಟೂ ಜನ ಡೇರೆಗಳ ಹೊರಗೆ, ಪ್ರಾರ್ಥನೆಗೆ ನಿಂತ ಹಾಗೆ ಸಾಲಾಗಿ ನಿಂತು ಕೆರೆದುಕೊಳ್ಳುತ್ತಿದ್ದರು. ಕುರಿ ಹೋಗಿತ್ತು, ಕುರಿಯ ಉಣುಗು ಹೋಗಿರಲಿಲ್ಲ. ರಕ್ತ ಕುಡಿಯುವ ಆ ಸಣ್ಣ ಹುಳುಗಳಿಗೆ ನಾಲ್ಕೈದು ದಿನದಿಂದ ಉಪವಾಸ.

ತಿಪ್ಪಮ್ಮ ಬೇವಿನೆಣ್ಣೆಯ ಬಟ್ಟಲು ಹಿಡಿದು ಬಂದರು. ಮುಖ್ಯೋಪಾಧ್ಯಾಯರಾಗಿದ್ದ ಹಿರಿಯರೊಬ್ಬರು ಸಂಕೋಚದಿಂದ, ತಾವೇ ಹಚ್ಚಿಕೊಳ್ಳುತ್ತೇವೆ ಎಂದರು. "ಬೆನ್ನಿಗೆ ಹೆಂಗ್ ಹಚ್ಕಂತೀರಿ ಮೇಷ್ಟ್ರೆ? ತಿರಿಕ್ಕಳ್ರಿ" ಎಂದು ತಿಪ್ಪಮ್ಮ ಹದಿನೆಂಟು ಬೆನ್ನನ್ನೂ ಮುಗಿಸಿದರು. ಹೋಗುವಾಗ ಆ ಸಜ್ಜನರು ಅಭಿಪ್ರಾಯ ಪುಸ್ತಕದಲ್ಲಿ, ಈ ಅನುಭವ ಮರೆಯುವಂಥದ್ದಲ್ಲ ಎಂದು ಬರೆದರು. ನಾನು ಕಚೇರಿಗೆ, ತಂಡವು ಸಂತೋಷದಿಂದ ನಿರ್ಗಮಿಸಿತು ಎಂದು ಬರೆದೆ. ನಿರ್ಗಮಿಸುವಾಗ ಸಂತೋಷವಾಗಿದ್ದದ್ದು ನಿಜ. ಉಣುಗಿನ ಮಾತನ್ನು ಆ ವರದಿಯಲ್ಲಿ ಎತ್ತಲಿಲ್ಲ. ನಾನು ಕಾಗದದಲ್ಲಿ ಮುಚ್ಚಿಟ್ಟ ಮೊದಲ ಸಂಗತಿ ಅದು.

ಚಿತ್ತಣ್ಣನಿಗೆ ಹೇಳಿದಾಗ ಅವನು ಬಹಳ ಹೊತ್ತು ನಕ್ಕ. ಆಮೇಲೆ ಪಾಠದ ಉಳಿದರ್ಧ ಹೇಳಿದ. ಕುರಿ ಮಲಗಿದ ನೆಲ ಒಂದು ಮಳೆಗಾಲ ಮಲಗಬೇಕು. ಒಂದು ಮಳೆ, ಒಂದು ಬಿಸಿಲು ಕಂಡ ಮೇಲೆ ಅಲ್ಲಿ ಮನುಷ್ಯ ಮಲಗಬಹುದು. ಅಂದಿನಿಂದ ನಾನು ಹಾಗೆಯೇ ಜಾಗ ಹುಡುಕಿದೆ: ಹಳೆಯ ಮಂದೆ ಜಾಗ, ಒಂದು ವರ್ಷ ಬಿಟ್ಟದ್ದು. ಮುಂದೆ ಎಷ್ಟೋ ಮಳೆಗಾಲಗಳಲ್ಲಿ ನನ್ನ ಒಂದು ಡೇರೆಯೂ ತೇಲಲಿಲ್ಲ, ಯಾರೂ ಕೆರೆದುಕೊಳ್ಳಲಿಲ್ಲ. ಡೇರೆ ಜಾಗ ನೋಡುವುದರಲ್ಲಿ ಇವನದು ಎತ್ತಿದ ಕೈ ಎಂದು ಕಚೇರಿಯಲ್ಲಿ ಹೆಸರಾಯಿತು. ಕೇಳಿದವರಿಗೆ ನಾನು ಮಣ್ಣಿನ ಗುಣ, ಗಾಳಿಯ ದಿಕ್ಕು ಎಂದೆಲ್ಲ ಗಂಭೀರವಾಗಿ ಹೇಳುತ್ತಿದ್ದೆ. ಚಿತ್ತಣ್ಣನ ಹೆಸರು ಹೇಳಲಿಲ್ಲ. ಹೊಸಬರು ಇದನ್ನೂ ಗಮನಿಸಬೇಕು.

ಕಾಲ ಬದಲಾಯಿತು. ಅಂಚೆ ಹೋಗಿ ಫೋನು ಬಂತು, ಫೋನು ಹೋಗಿ ಕಂಪ್ಯೂಟರು ಬಂತು. ನಾಲ್ಕಾಳಿನ ಡೇರೆಗಳು ಹೋಗಿ, ಕೊಡೆಯಂತೆ ತಾನೇ ಬಿಚ್ಚಿಕೊಳ್ಳುವ ಡೇರೆಗಳು ಬಂದವು. ಅವನ್ನು ಬಿಚ್ಚಲು ಒಬ್ಬ ಸಾಕು, ಮತ್ತೆ ಮಡಿಚಿ ಚೀಲಕ್ಕೆ ತುಂಬಲು ಎಂಟು ಜನ ಬೇಕು. ಕಂಪ್ಯೂಟರು ಒಂದೇ ಕೋಣೆಯನ್ನು ಹಿರಿಯೂರಿನ ಒಂದು ಸಂಸಾರಕ್ಕೂ ಚಿತ್ರದುರ್ಗದ ಒಂದು ಸಂಸಾರಕ್ಕೂ ಒಂದೇ ದಿನ ಕೊಟ್ಟ ಪ್ರಸಂಗವೂ ನಡೆಯಿತು. ಎರಡೂ ಕಡೆಯವರು ಮೊಬೈಲು ಎತ್ತಿ ಹಿಡಿದು ಜಗುಲಿಯಲ್ಲಿ ನಿಂತಿದ್ದರು. ತಿಪ್ಪಮ್ಮ ಎಲ್ಲರನ್ನೂ ಊಟಕ್ಕೆ ಕೂರಿಸಿದರು. ಎರಡನೇ ಮುದ್ದೆಯ ಹೊತ್ತಿಗೆ ಎರಡೂ ಮನೆಯವರಿಗೆ ಬಾಗೂರಿನಲ್ಲಿ ಒಂದೇ ನೆಂಟರಿರುವುದು ಪತ್ತೆಯಾಗಿ, ಹೆಂಗಸರು ಕೋಣೆಯಲ್ಲೂ ಗಂಡಸರು ಡೇರೆಯಲ್ಲೂ ಮಲಗಲು ತಾವಾಗಿಯೇ ಒಪ್ಪಿದರು. ಆ ವರ್ಷವೇ ತಿಪ್ಪಮ್ಮ ಕೆಲಸ ಬಿಟ್ಟು ಊರಿಗೆ ಹೋದರು. ಅವರ ಜಾಗಕ್ಕೆ ಊಟದ ಪಟ್ಟಿ ಬಂತು. ಅದರಲ್ಲಿ ಇಪ್ಪತ್ತು ಬಗೆ ಇದ್ದವು. ಕೇಳಿದರೆ ಸಿಗುತ್ತಿದ್ದದ್ದು ಮೂರು.

ನನ್ನ ನಿವೃತ್ತಿಗೆ ಒಂದೂವರೆ ವರ್ಷವಿದ್ದಾಗ ಆ ನಮೂನೆ ಬಂತು. ಕಾಡಿನ ಸುತ್ತ ಹತ್ತು ಶಾಶ್ವತ ಶಿಬಿರ ಜಾಗಗಳನ್ನು ಗುರುತಿಸಿ, ಯೋಗ್ಯತೆಯ ಕ್ರಮದಲ್ಲಿ ನಂಬರು ಕೊಟ್ಟು ಕಳುಹಿಸುವುದು. ನೀರು, ನೆರಳು, ಇಳಿಜಾರು, ರಸ್ತೆ, ಮೊಬೈಲ್ ಸಿಗ್ನಲ್, ಎಲ್ಲಕ್ಕೂ ಒಂದೊಂದು ಕಾಲಂ. ನಾನು ಬಹಳ ಶ್ರದ್ಧೆಯಿಂದ ಮಾಡಿದೆ. ನನ್ನ ಇಡೀ ವೃತ್ತಿಯ ತಿಳಿವಳಿಕೆಯನ್ನು ಒಂದು ಹಾಳೆಯಲ್ಲಿ ತೋರಿಸುವ ಅವಕಾಶ, ಯಾರಿಗೆ ಸಿಗುತ್ತದೆ? ಗೋಕಟ್ಟೆಯ ಪಕ್ಕದ ಬಯಲಿಗಿಂತ ಒಳ್ಳೆಯ ಜಾಗ ಆ ಸುತ್ತಿನಲ್ಲಿ ಇರಲಿಲ್ಲ. ಅದನ್ನು ಬಿಟ್ಟು ಬೇರೆಯದನ್ನು ಮೊದಲು ಬರೆದರೆ ನನ್ನ ಹೆಸರಿಗೆ ಕುಂದು. ಅದಕ್ಕೆ ಒಂದನೇ ನಂಬರು ಕೊಟ್ಟೆ. ಹತ್ತರಲ್ಲಿ ಕಟ್ಟುವುದು ಹೆಚ್ಚೆಂದರೆ ಎರಡೋ ಮೂರೋ, ಅದೂ ನನ್ನ ಕಾಲ ಮುಗಿದ ಮೇಲೆ ಎಂದುಕೊಂಡೆ. ಸರ್ಕಾರದ ನಿಧಾನದ ಮೇಲೆ ಅಷ್ಟು ಭರವಸೆ ಇಡಬಾರದಿತ್ತು.

ಕೊನೆಯ ಕಾಲಂ ಹೀಗಿತ್ತು: ಜಾಗದಲ್ಲಿ ಯಾರಾದರೂ ಇದ್ದಾರೆಯೇ? ಇದ್ದಲ್ಲಿ, ತೆರವುಗೊಳಿಸಲು ಕೈಗೊಳ್ಳಬೇಕಾದ ಕ್ರಮವೇನು?

ಚಿತ್ತಣ್ಣ ವರ್ಷಕ್ಕೆ ಎರಡು ತಿಂಗಳು ಇರುತ್ತಾನೆ ಎಂದು ಬರೆದರೆ ಆ ಕಾಗದ ಮೇಲೆ ಹೋಗುತ್ತದೆ. ಮೇಲಿನಿಂದ ತೆರವುಗೊಳಿಸಿ ಎಂದು ಇನ್ನೊಂದು ಕಾಗದ ಇಳಿಯುತ್ತದೆ. ಹೆಸರೇ ಇಲ್ಲದಿದ್ದರೆ ಯಾರನ್ನು ಎಬ್ಬಿಸುತ್ತಾರೆ? ಅವನನ್ನು ಕಾಪಾಡುವ ಉದ್ದೇಶದಿಂದ, ನನ್ನ ದುಂಡಗಿನ ಅಕ್ಷರದಲ್ಲಿ 'ಇಲ್ಲ' ಎಂದು ಬರೆದೆ. ಅತಿಥಿಗಳ ಮುಂದೆ ಅಷ್ಟು ವರ್ಷ ಬಾಯಲ್ಲೇ ತಡೆದಿಟ್ಟಿದ್ದ ಪದವನ್ನು ಬಳಸಬಾರದ ಒಂದೇ ಕಡೆ ಬಳಸಿದೆ.

ಮಳೆಗಾಲದಲ್ಲಿ ಗೋಕಟ್ಟೆಯ ಬಯಲಿಗೆ ಸುತ್ತ ಕಲ್ಲುಕಂಬ ನೆಟ್ಟು ತಂತಿ ಎಳೆದರು. 'ಶಿಬಿರ ಜಾಗ - ೧' ಎಂಬ ಫಲಕ ನಿಂತಿತು. ಯಾರೂ ಇಲ್ಲದ ಜಾಗವಾದ್ದರಿಂದ ಯಾರನ್ನೂ ಕೇಳುವ ಅಗತ್ಯ ಬೀಳಲಿಲ್ಲ. ಉಳಿದ ಒಂಬತ್ತಕ್ಕೆ ಮಂಜೂರಾತಿ ಬಂದಿರಲಿಲ್ಲ. ಯೋಗ್ಯತೆಯ ಕ್ರಮದಲ್ಲಿ ನಂಬರು ಕೊಟ್ಟವನು ನಾನೇ.

ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ಚಿತ್ತಣ್ಣ ಅತಿಥಿಗೃಹದ ಮೆಟ್ಟಿಲ ಮೇಲೆ ಬಂದು ಕೂತ. ನಾನು ಚಹಾ ತರಿಸಿದೆ. ಕುಡಿಯಲಿಲ್ಲ. ಮಂದೆಯನ್ನು ರಸ್ತೆ ಪಕ್ಕದ ಒಬ್ಬರ ಹೊಲದಲ್ಲಿ ನಿಲ್ಲಿಸಿದ್ದಾನೆ, ಹೊಲದವರು ನಾಳೆಯವರೆಗೆ ಮಾತ್ರ ಎಂದಿದ್ದಾರೆ, ನೀರಿಗೆ ಅಷ್ಟು ದೂರ ಹೊಡೆದುಕೊಂಡು ಹೋಗಿ ಬರುವುದರಲ್ಲಿ ಮೂರು ಮರಿ ಹೋದವು. ಇಷ್ಟನ್ನು ಹವಾಮಾನ ಹೇಳುವ ಹಾಗೆ ಹೇಳಿದ. ಆಮೇಲೆ ಕೇಳಿದ.

"ಅಲ್ಲಿ ಯಾರೂ ಇಲ್ಲ ಅಂತ ಯಾರ್ ಬರ್ಕೊಟ್ರು ಮೇಟಿಯಣ್ಣ?"

ನಾನು ಮೇಲ್ವಿಚಾರಕನಾಗಿ ವರ್ಷಗಳಾಗಿದ್ದರೂ ಅವನಿಗೆ ನಾನು ಮೇಟಿಯೇ.

"ನಾನೇ."

"ನಿನ್ ಮನಸ್ನಾಗೆ ಇದ್ನಲ್ಲ ನಾನು. ಕಾಗದದಾಗೆ ಯಾಕ್ ಇರ್ಲಿಲ್ಲ?"

"ಕಾಗದದಾಗೆ ಹಾಕಿದ್ರೆ ನಿನ್ನ ಎಬ್ಬಿಸ್ತಿದ್ರು ಚಿತ್ತಣ್ಣ."

"ಈಗೇನ್ ಕೂರ್ಸಿದಾರಾ?"

ಅವನು ಕೋಪದಿಂದ ಕೇಳಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಅವನು ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಲೋಟವನ್ನು ತೊಟ್ಟಿಯಲ್ಲಿ ತೊಳೆದಿಟ್ಟು ಹೋದ.

ಅಂದೇ ಸಂಜೆ ನಾನು ಕಚೇರಿಗೆ ಒಂದು ಪತ್ರ ಬರೆದೆ. ನಲವತ್ತು ವರ್ಷಕ್ಕೆ ಹತ್ತಿರದ ಸೇವೆಯಲ್ಲಿ ನಾನು ಬರೆದ ಪತ್ರಗಳಲ್ಲಿ ಸಂಪೂರ್ಣ ನಿಜವಿದ್ದದ್ದು ಅದೊಂದೇ ಇರಬೇಕು. ಮಾನ್ಯರೇ, ಶಿಬಿರ ಜಾಗ ಒಂದರಲ್ಲಿ ಯಾರೂ ಇಲ್ಲವೆಂದು ನಾನು ನೀಡಿದ ಮಾಹಿತಿ ಸುಳ್ಳು. ಸದರಿ ಜಾಗದಲ್ಲಿ ಕುರಿಗಾಹಿ ಚಿತ್ತಣ್ಣ ಮತ್ತು ಅವರ ಮಂದೆ ಸುಗ್ಗಿಯಿಂದ ಶಿವರಾತ್ರಿವರೆಗೆ ತಂಗುವುದು ಅವರ ತಂದೆಯ ಕಾಲದಿಂದ ಇರುವ ಪದ್ಧತಿ. ಇದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಅಲ್ಲದೆ, ಮಂದೆ ಮಲಗಿದ ನೆಲದಲ್ಲಿ ಒಂದು ಮಳೆಗಾಲ ಕಳೆಯದೆ ಡೇರೆ ಹೊಡೆದರೆ ಉಣುಗು ಹತ್ತುತ್ತದೆ. ಇದಕ್ಕೆ ಸಾಕ್ಷಿಯಾಗಿ, ಹಿಂದೊಮ್ಮೆ ಹದಿನೆಂಟು ಮಂದಿ ಉಪಾಧ್ಯಾಯರು ಸಂತೋಷದಿಂದ ನಿರ್ಗಮಿಸಿದರೆಂದು ನಾನು ವರದಿ ಮಾಡಿದ ಸಂದರ್ಭದಲ್ಲಿ ಅವರು ವಾಸ್ತವವಾಗಿ ಕೆರೆದುಕೊಳ್ಳುತ್ತಾ ನಿರ್ಗಮಿಸಿದರೆಂದು ಈ ಮೂಲಕ ತಿದ್ದಿಕೊಳ್ಳಬೇಕಾಗಿ ವಿನಂತಿ.

ಹತ್ತನೇ ದಿನಕ್ಕೆ ಕಾರಣ ಕೇಳಿ ನೋಟಿಸು ಬಂತು. ಸುಳ್ಳು ಮಾಹಿತಿ ನೀಡಿದ್ದಕ್ಕೆ ತಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು? ನಾನು ಯೋಚಿಸಿ ನೋಡಿದೆ, ಜರುಗಿಸಬಾರದೆನ್ನಲು ಯಾವ ಕಾರಣವೂ ಹೊಳೆಯಲಿಲ್ಲ. ಹಾಗೆಯೇ ಉತ್ತರ ಬರೆದೆ. ಅದನ್ನು ಓದಿಯೋ ಏನೋ, ಆ ವರ್ಷ ಹೊಸದಾಗಿ ಬಂದಿದ್ದ ಅಧಿಕಾರಿ ಮೇಡಂ ಖುದ್ದಾಗಿ ಜೀಪಿನಲ್ಲಿ ಬಂದರು. ಮೂವತ್ತೈದು ದಾಟಿರದ ಹೆಂಗಸು, ಮಾತು ಕಮ್ಮಿ. ಅಷ್ಟರಲ್ಲಿ ಚಿತ್ತಣ್ಣ ಇನ್ನೂ ಎರಡು ಹೊಲ ಬದಲಿಸಿದ್ದ. ಅವನನ್ನೂ ಕರೆಸಿ, ಜಾಗ ತೋರಿಸಿ ಎಂದರು.

ಬಯಲಿನಲ್ಲಿ ಚಿತ್ತಣ್ಣ ತನ್ನ ಕಂಬಳಿ ಹಾಸಿ, "ಕುಂತ್ಕಳ್ರಿ ಅಮ್ಮಾರೆ" ಎಂದ. ಅವರು ಕೂತರು. ಎಷ್ಟು ವರ್ಷದಿಂದ ಬರುತ್ತೀರಿ, ಏನಾದರೂ ದಾಖಲೆ ಇದೆಯೇ ಎಂದು ಕೇಳಿದರು. ಚಿತ್ತಣ್ಣ ನನ್ನ ಮುಖ ನೋಡಿದ. ಕಾಗದ ಎಂದರೆ ಅವನಿಗೆ ಈಗ ನಾನೇ. ನಾನು ನೆಲ ನೋಡಿದೆ. ಆಮೇಲೆ ಅವನು ಎದ್ದು, ಗೋಕಟ್ಟೆಯ ಏರಿಯ ಹತ್ತಿರವಿದ್ದ ದೊಡ್ಡ ಬಂಡೆಯ ಬಳಿ ಹೋಗಿ ನಿಂತ.

"ದಾಖಲೆ ಅಂದ್ರೆ ಇದೇ ಅಮ್ಮಾರೆ. ನಮ್ಮಪ್ಪನ ಕಾಲದಾಗೆ ಈ ಕಲ್ಲು ಇಷ್ಟು ನುಣುಪು ಇರ್ಲಿಲ್ಲ."

ಆ ಬಂಡೆಯ ಪಕ್ಕದಲ್ಲಿ ನಾನು ನೂರಾರು ಸಲ ಓಡಾಡಿದ್ದೇನೆ, ಅದನ್ನು ನೋಡಿರಲಿಲ್ಲ. ಮೊಣಕಾಲಿಗಿಂತ ಸ್ವಲ್ಪ ಮೇಲೆ, ಸುತ್ತಲೂ ಒಂದೇ ಎತ್ತರದಲ್ಲಿ, ಮೊಳದಗಲದ ಪಟ್ಟಿಯೊಂದು ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿತ್ತು. ಅದರ ಮೇಲೂ ಕೆಳಗೂ ಕಲ್ಲು ಒರಟು. ನೀರು ಕುಡಿದು ಬಂದ ಕುರಿ ಮೈ ತಿಕ್ಕಿಕೊಳ್ಳುವ ಎತ್ತರ ಅದು. ಕಲ್ಲು ಅಷ್ಟು ಸವೆಯಲು ಎಷ್ಟು ಕುರಿ, ಎಷ್ಟು ವರ್ಷ ಬೇಕೆಂದು ಯಾರು ಬೇಕಾದರೂ ಲೆಕ್ಕ ಹಾಕಿಕೊಳ್ಳಬಹುದು. ಮೇಡಂ ಎದ್ದು ಬಂದು ಅದರ ಮೇಲೆ ಅಂಗೈ ಆಡಿಸಿದರು. ಅಂಗೈ ಮೂಸಿ ನೋಡಿದರು. ಕಂಬಳಿಯ ವಾಸನೆ.

"ನಿಮ್ಮ ನಮೂನೇಲಿ ಈ ಕಲ್ಲಿಗೆ ಯಾವ ಕಾಲಂ ಇತ್ತು?" ಎಂದು ನನ್ನನ್ನು ಕೇಳಿದರು.

"ಇರಲಿಲ್ಲ ಮೇಡಂ."

"ಕೊನೇದು ಒಂದಿತ್ತಲ್ಲ" ಎಂದರು. ಹೋಗಿ ಜೀಪು ಹತ್ತಿದರು. ಹಿರಿಯೂರು ಮುಟ್ಟುವ ಹೊತ್ತಿಗೆ ಅವರ ಕೈ ಕಂಕುಳ ಕಡೆ ಹೋಗುತ್ತಿತ್ತು ಎಂದು ಆಮೇಲೆ ಚಾಲಕ ಹೇಳಿದ. ಕೂತ ಕಂಬಳಿಯಿಂದ ಉಣುಗು ಹತ್ತಿತ್ತು; ಪತ್ರದಲ್ಲಿ ನಾನು ಬರೆದ ಎರಡನೆಯ ಅಂಶಕ್ಕೂ ಹೀಗೆ ಪುರಾವೆ ಸಿಕ್ಕಿತು.

ಮೇಡಂ ಮಾಡಿದ್ದನ್ನು ಹೊಸಬರು ಬಾಯಿಪಾಠ ಮಾಡಿಕೊಳ್ಳಬೇಕು. ಮಂಜೂರಾದ ಜಾಗವನ್ನು ಪಟ್ಟಿಯಿಂದ ತೆಗೆಯುವುದು ಅವರ ಕೈಯಲ್ಲಿರಲಿಲ್ಲ. ಮೇಲಿನವರ ಸಹಿಗಳು ಬೇಕು, ಅವು ಬರುವಷ್ಟರಲ್ಲಿ ಮರಿಗಳು ಮುದಿಯಾಗುತ್ತವೆ. ಆದರೆ ಜಾಗವನ್ನು ಕಾಯ್ದಿರಿಸಲು ಅವರ ಒಂದೇ ಸಹಿ ಸಾಕು. ಸುಗ್ಗಿಯಿಂದ ಶಿವರಾತ್ರಿವರೆಗೆ ಶಿಬಿರ ಜಾಗ ಒಂದನ್ನು ಪ್ರತಿ ವರ್ಷವೂ ಚಿತ್ತಣ್ಣನ ಹೆಸರಿಗೆ ಕಾಯ್ದಿರಿಸಿದರು. ಉಳಿದ ತಿಂಗಳು, ನನ್ನ ಪತ್ರದ ಎರಡನೆಯ ಅಂಶದ ಮೇರೆಗೆ, ನೆಲಕ್ಕೆ ವಿಶ್ರಾಂತಿ. ಗುಡ್ಡದ ಕಡೆಯ ತಂತಿ ಬಿಚ್ಚಿಸಿ ಮಂದೆ ನುಗ್ಗುವಷ್ಟು ದಾರಿ ಬಿಡಿಸಿದರು. ಹೀಗಾಗಿ ಇಂದಿಗೂ ಕಂಪ್ಯೂಟರಿನಲ್ಲಿ ನೋಡಿದರೆ ಒಂದನೇ ಜಾಗದ ಎದುರು ವರ್ಷವಿಡೀ 'ಭರ್ತಿ' ಎಂದೇ ಇರುತ್ತದೆ. ಯಾವ ದೊಡ್ಡ ಮನುಷ್ಯರ ಕೈವಾಡ ಎಂದು ಜನ ಫೋನು ಮಾಡಿ ಜಗಳವಾಡುತ್ತಾರಂತೆ. ಆ ಜಗಳಕ್ಕೆ ಕೊಡಬೇಕಾದ ಉತ್ತರ ಹೊಸಬರಿಗೆ ಈಗ ಗೊತ್ತಾಯಿತು.

ಕಾಯ್ದಿರಿಸುವಾಗ ಒಂದು ಸಣ್ಣ ತೊಡಕು ಬಂತು. ಒಂದು ಜಾಗಕ್ಕೆ ಎಂಟು ಜನಕ್ಕಿಂತ ಹೆಚ್ಚು ಬರೆದರೆ ಕಂಪ್ಯೂಟರು ತಗೊಳ್ಳುವುದಿಲ್ಲ. ನಾನು ಜನ: ಒಬ್ಬರು ಎಂದು ಬರೆಸಿ, ಸಾಮಾನು: ಮುನ್ನೂರು ಎಂದು ಬರೆಸಿದೆ. ಒಪ್ಪಿಕೊಂಡಿತು.

ನನ್ನ ಸೇವಾ ಪುಸ್ತಕದಲ್ಲಿ, ತಪ್ಪು ಮಾಹಿತಿ ನೀಡಿದ್ದಕ್ಕಾಗಿ ಎಚ್ಚರಿಸಲಾಗಿದೆ ಎಂಬ ಒಂದು ಸಾಲು ಬಿತ್ತು. ಬೀಳ್ಕೊಡುಗೆಯಲ್ಲಿ ಉತ್ತಮ ಸೇವೆಯ ಪ್ರಮಾ‌ಣಪತ್ರ ನನಗೆ ಕೊಡಲಿಲ್ಲ, ಹಾರ ಮಾತ್ರ ಹಾಕಿದರು. ನ್ಯಾಯವೇ. ಚಿತ್ತಣ್ಣನ ಮೂರು ಮರಿಗಳನ್ನು ನಾನು ಯಾವ ಪತ್ರ ಬರೆದೂ ತಿದ್ದಲಾಗಲಿಲ್ಲ.

ನಿವೃತ್ತಿಯ ದಿನ ಸಂಕ್ರಾಂತಿ ಕಳೆದು ಸ್ವಲ್ಪ ದಿನವಾಗಿತ್ತು. ಅಧಿಕಾರ ವಹಿಸಿಕೊಡುವ ಮೊದಲು ಹತ್ತೂ ಜಾಗ ಸುತ್ತಿ ಪಟ್ಟಿ ತುಂಬಬೇಕು. ಅಭಿಪ್ರಾಯ ಪುಸ್ತಕವನ್ನೂ ಕಂಕುಳಲ್ಲಿ ಇಟ್ಟುಕೊಂಡು ಗೋಕಟ್ಟೆಗೆ ಹೋದೆ. ಮಂದೆ ಇಳಿದಿತ್ತು. ಹುಟ್ಟಿ ಎರಡು ದಿನವೂ ಆಗದ ಮರಿಗಳು ತಂತಿಬೇಲಿಯ ಕೆಳಗೆ ನುಸುಳಿ ಹೊರಗೆ ಹೋಗುವುದು, ಒಳಗೆ ಬರುವುದು ಮಾಡುತ್ತಿದ್ದವು. ಚಿತ್ತಣ್ಣ ಫಲಕದ ಕಂಬಕ್ಕೆ ಕಂಬಳಿ ಒಣಹಾಕಿದ್ದ. ತಂಗಿದ ಅತಿಥಿಗಳೆಲ್ಲ ಬರೆಯುತ್ತಾರೆ, ನೀನೂ ಬರಿ ಎಂದು ಪುಸ್ತಕ ಕೊಟ್ಟೆ.

"ಉಳಿದೋರು ಏನ್ ಬರ್ದವ್ರೆ?"

ಓದಿ ಹೇಳಿದೆ. ರಮಣೀಯ, ಅವಿಸ್ಮರಣೀಯ, ಪ್ರಕೃತಿಯ ಮಡಿಲು, ಟವೆಲ್ ಸರಿಯಿಲ್ಲ. ಅವನು ತಲೆದೂಗುತ್ತಾ ಕೇಳಿದ. ಮೂರನೇ ಕ್ಲಾಸಿನವರೆಗೆ ಓದಿದವನು. ಪೆನ್ನನ್ನು ಗಟ್ಟಿಯಾಗಿ ಹಿಡಿದು, ಒಂದೊಂದೇ ಅಕ್ಷರ ಕೂರಿಸಿ ಬರೆದ: ನೀರು ಐತೆ. ಮರಿ ಎಲ್ಲ ಚೆನ್ನಾಗವೆ.

"ಇಷ್ಟು ಸಾಕಾ ಮೇಟಿಯಣ್ಣ?"

ಸಾಕು ಎಂದೆ. ನನ್ನ ಪಟ್ಟಿಯನ್ನು ಆ ನುಣುಪು ಬಂಡೆಯ ಮೇಲಿಟ್ಟುಕೊಂಡೆ. ಜಾಗ ಒಂದು. ಜಾಗದಲ್ಲಿ ಯಾರಾದರೂ ಇದ್ದಾರೆಯೇ? ಅದೇ ದುಂಡಗಿನ ಅಕ್ಷರದಲ್ಲಿ 'ಇದ್ದಾರೆ' ಎಂದು ಬರೆದು ರುಜು ಹಾಕಿದೆ.